ಫಿಟ್ಸ್ ಬರುವ ನಾಯಿಗೊಂದು ಮನೆ: ಕಾರವಾರದಿಂದ ಶಿರಸಿಗೆ ಹೋದ ಬಂಗಡೆಯ ಪ್ರಕರಣ

ಹೆಣ್ಣು ನಾಯಿ. ಊರ ನಾಯಿ, ಜಾತಿಗೀತಿ ಏನಿಲ್ಲ. ಹಲ್ಲು ನೋಡಿ ಪಶುವೈದ್ಯರು ಹೇಳಿದ ವಯಸ್ಸು ಸುಮಾರು ಎರಡು ವರ್ಷ, ತೂಕ 14 ಕೆಜಿ. ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ, ಕಾರವಾರದ ಮೀನು ಪೇಟೆಯ ಹಿಂದೆ. ಕಾಯಿಲೆ ಮೂರ್ಛೆರೋಗ, ಎಲ್ಲರ ಬಾಯಲ್ಲಿ ಫಿಟ್ಸ್. ಈಗ ಇರುವುದು ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ. ದಿನಕ್ಕೆ ಎರಡು ಹೊತ್ತು ಗುಳಿಗೆ, ಬದುಕಿರುವಷ್ಟು ಕಾಲ. ಮೀನು ಮಾರುವ ಹೆಂಗಸರು ಇಟ್ಟ ಹೆಸರು ಬಂಗಡೆ, ಸಮುದ್ರದ ಒಂದು ಮೀನಿನ ಹೆಸರು.

ನಾವು ಕಾರವಾರದಲ್ಲಿ ನಾಲ್ಕೈದು ಜನ ಸೇರಿ ಇಂಥ ಕೆಲಸ ಮಾಡುತ್ತೇವೆ. ಸಂಸ್ಥೆ ಅಂತ ಏನಿಲ್ಲ. ಕಾಲು ಹೋದ ನಾಯಿಗೆ, ಕಣ್ಣು ಹೋದ ನಾಯಿಗೆ ಮನೆ ಹುಡುಕುವುದೂ ಕಷ್ಟವೇ. ಆದರೆ ಅಲ್ಲಿ ಕಾಯಿಲೆ ಎದುರಿಗೇ ಕಾಣುತ್ತದೆ. ಬರುವವರು ನೋಡಿ, ಲೆಕ್ಕ ಹಾಕಿ, ಆಗುತ್ತೆ ಅಥವಾ ಆಗಲ್ಲ ಅನ್ನುತ್ತಾರೆ. ಫಿಟ್ಸ್ ಬರುವ ನಾಯಿ ಹಾಗಲ್ಲ. ತಿಂಗಳೆಲ್ಲ ಓಡಾಡಿಕೊಂಡು, ಬಾಲ ಅಲ್ಲಾಡಿಸಿಕೊಂಡು ಚೆನ್ನಾಗಿಯೇ ಇರುತ್ತದೆ. ಒಂದು ರಾತ್ರಿ ಎರಡು ನಿಮಿಷ ಮಾತ್ರ ಬೇರೆ ನಾಯಿಯಾಗುತ್ತದೆ. ಒಪ್ಪಿ ಕರೆದುಕೊಂಡು ಹೋದವರು ಹೆದರುವುದು ಆ ಎರಡು ನಿಮಿಷಕ್ಕೆ. ಬಂಗಡೆಯ ಕಥೆಯನ್ನು ಪೂರ್ತಿ ಬರೆಯುತ್ತಿರುವುದು ಅದಕ್ಕೇ.

ಹುಚ್ಚು ನಾಯಿ ಎಂಬ ಕೂಗು

ಬೆಳಗಿನ ವ್ಯಾಪಾರ ಜೋರಾಗಿದ್ದ ಹೊತ್ತು. ಐಸ್ ಪೆಟ್ಟಿಗೆಗಳ ನಡುವೆ ನಾಯಿ ಧೊಪ್ಪಂತ ಬಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದು, ನಾಲ್ಕೂ ಕಾಲು ಬಡಿಯತೊಡಗಿದವು. ಬಾಯಲ್ಲಿ ನೊರೆ. ಬಿದ್ದಲ್ಲೇ ಉಚ್ಚೆ. ಎರಡು ನಿಮಿಷದೊಳಗೆ ಎಲ್ಲ ನಿಂತಿತು. ಎದ್ದ ಮೇಲೆ ಆದದ್ದೇ ಜನರನ್ನು ಜಾಸ್ತಿ ಹೆದರಿಸಿದ್ದು. ಗೋಡೆಗೆ ಡಿಕ್ಕಿ ಹೊಡೆಯುತ್ತ, ದಿನಾ ಮೀನು ಹಾಕುವವರನ್ನೂ ಗುರುತಿಸದೆ, ಸುಮ್ನೆ ಸುತ್ತತೊಡಗಿತು. ‘ಹುಚ್ಚು ನಾಯಿ’ ಅಂತ ಯಾರೋ ಕೂಗಿದರು. ದೊಣ್ಣೆ ಬಂತು. ಆಗ ಒಬ್ಬ ಮೀನಿನ ಅಕ್ಕ ಖಾಲಿ ಕ್ರೇಟುಗಳನ್ನು ಅಡ್ಡ ಎಳೆದು ನಾಯಿಯನ್ನು ಮೂಲೆಯಲ್ಲಿ ಕೂಡಿಹಾಕಿದರು. ಬಂಗಡೆ ಬದುಕಿದ್ದು ಆ ಕ್ರೇಟುಗಳಿಂದ.

ಜನ ಹೆದರಿದ್ದು ತಪ್ಪು ಅಂತ ನಾನು ಹೇಳಲಾರೆ. ರೇಬಿಸ್ ಬಂದ ನಾಯಿಗೂ ಫಿಟ್ಸ್ ಬರಬಹುದು. ಜೀವ ಇರುವ ನಾಯಿಯಲ್ಲಿ ರೇಬಿಸ್ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಮಿದುಳು ನೋಡಿಯೇ ಹೇಳಬೇಕು. ಆದ್ದರಿಂದ ಬೀದಿಯಲ್ಲಿ ಫಿಟ್ಸ್ ಬಂದ ಪ್ರತಿ ನಾಯಿಯನ್ನೂ ಮೊದಲು ರೇಬಿಸ್ ಅಂದುಕೊಂಡೇ ಮುಟ್ಟಬೇಕು. ನಾಯಿ ಎಷ್ಟೇ ಪಾಪದ್ದಾಗಿ ಕಂಡರೂ ಸರಿ.

ನಮ್ಮಲ್ಲಿ ನಾಯಿ ಹಿಡಿಯುವವರೆಲ್ಲ ರೇಬಿಸ್ ಲಸಿಕೆ ಮೊದಲೇ ಹಾಕಿಸಿಕೊಂಡವರು. ಅಂಥವರಿಗೆ ಮುಂದೆ ಕಚ್ಚಿದರೂ ಎರಡೇ ಡೋಸ್ ಸಾಕು, ಕಚ್ಚಿದ ದಿನ ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು. ಮೀನಿನ ಅಕ್ಕನ ವಿಷಯ ಬೇರೆ. ಅವರ ಬೆರಳಲ್ಲಿ ಮುಳ್ಳು ಚುಚ್ಚಿದ ಹಸಿ ಗಾಯ ಇತ್ತು, ಅದಕ್ಕೆ ನಾಯಿಯ ಜೊಲ್ಲು ತಾಗಿತ್ತು. ‘ನಾಯಿ ಸಾಯುತ್ತಾ ನೋಡೋಣ, ಆಮೇಲೆ ಹೋಗ್ತೆ’ ಅಂದರು. ಹಾಗೆ ಕಾಯುವಂತಿಲ್ಲ. ಗಾಯದ ಮೇಲೆ ಜೊಲ್ಲು ಬಿದ್ದರೆ ಕಚ್ಚಿದ ಲೆಕ್ಕವೇ. ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿ ನೀರಲ್ಲಿ ಕೈ ತೊಳೆಸಿ, ಅದೇ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಸಿಕೆಯ ಜತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಅಂದರೆ ತಕ್ಷಣ ರಕ್ಷಣೆ ಕೊಡುವ ಇಂಜೆಕ್ಷನ್ ಕೂಡ ಕೊಟ್ಟರು. ಉಳಿದ ಡೋಸುಗಳಿಗೆ ಅವರನ್ನು ಕಳಿಸುವುದು ನಾಯಿ ನೋಡಿಕೊಳ್ಳುವುದಕ್ಕಿಂತ ದೊಡ್ಡ ಕೆಲಸವಾಯಿತು, ಅದನ್ನೂ ಹೇಳಬೇಕು.

ಸದಾಶಿವಗಡದಲ್ಲಿ ನಮ್ಮ ಅಕ್ಕ ಒಬ್ಬರ ಮನೆ ಇದೆ. ಅವರ ಕಾರ್ ಶೆಡ್ ಖಾಲಿ ಇತ್ತು. ನಾಯಿಯನ್ನು ಅಲ್ಲಿ ಒಂಟಿಯಾಗಿ ಇಟ್ಟೆವು. ಊಟ, ನೀರು ಗ್ರಿಲ್‌ನ ಕೆಳಗಿಂದ. ರೇಬಿಸ್ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಸಂಶಯದ ನಾಯಿಯನ್ನು ಹೊಡೆದು ಕೊಲ್ಲಿ ಅನ್ನುವುದಿಲ್ಲ, ಪ್ರತ್ಯೇಕವಾಗಿ ಇಡಿ ಅನ್ನುತ್ತವೆ. ಬಂಗಡೆ ಮರುದಿನವೇ ಅನ್ನ ಮೀನು ನೆಕ್ಕಿ ನೆಕ್ಕಿ ತಿಂದಿತು. ನೀರು ಕುಡಿಯಿತು. ದನಿ ಬದಲಾಗಲಿಲ್ಲ, ದವಡೆ ಜೋತು ಬೀಳಲಿಲ್ಲ, ಹಿಂಗಾಲು ಸೋಲಲಿಲ್ಲ. ನಡುವೆ ಇನ್ನೊಮ್ಮೆ ಫಿಟ್ಸ್ ಬಂತು. ಅಕ್ಕ ಗ್ರಿಲ್‌ನ ಈಚೆಯಿಂದ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಹತ್ತು ದಿನ ಕಳೆದರೂ ನಾಯಿ ಗಟ್ಟಿಮುಟ್ಟಾಗಿತ್ತು.

ಯಾವ ಫಿಟ್ಸ್?

ಕಾಯಿಲೆ ಗುರುತಿಸಲು ಹೆಚ್ಚು ಸಹಾಯ ಮಾಡಿದ್ದು ಆ ವಿಡಿಯೋವೇ. ಪಶುವೈದ್ಯರ ಎದುರು ನಾಯಿ ಎಂದೂ ಬೀಳುವುದಿಲ್ಲ. ಬಾಯಿಮಾತಲ್ಲಿ ಹೇಳಿದರೆ ತಲೆ ಸುತ್ತಿ ಬಿದ್ದಿದ್ದೋ, ಹೃದಯದ ತೊಂದರೆಯೋ, ಫಿಟ್ಸೋ ಅಂತ ಹೇಳುವುದು ಕಷ್ಟ.

ಮೊದಲ ಅನುಮಾನ ವಿಷದ ಮೇಲೆ. ಆದರೆ ವಿಷ ತಿಂದ ನಾಯಿ ವಾರ ಬಿಟ್ಟು ಮತ್ತೆ ಬೀಳುವುದು ಅಪರೂಪ. ಎರಡನೆಯದು ಡಿಸ್ಟೆಂಪರ್, ನಾಯಿಗಳಿಗೆ ಬರುವ ಒಂದು ವೈರಸ್ ಕಾಯಿಲೆ. ಲಸಿಕೆ ಕಾಣದ ಬೀದಿ ನಾಯಿಗಳಲ್ಲಿ ಇದು ಬಂದು ಹೋದ ಮೇಲೂ ಫಿಟ್ಸ್ ಉಳಿಯುತ್ತದೆ. ಬಂಗಡೆಗೆ ಕಣ್ಣು ಮೂಗಲ್ಲಿ ಕೀವಿಲ್ಲ, ಅಂಗಾಲು ಗಟ್ಟಿಯಾಗಿಲ್ಲ, ನಿಂತಲ್ಲೇ ಸ್ನಾಯು ಅದುರುವುದಿಲ್ಲ. ರಕ್ತದಲ್ಲಿ ಸಕ್ಕರೆ, ಕ್ಯಾಲ್ಸಿಯಂ, ಲಿವರ್, ಕಿಡ್ನಿ ಎಲ್ಲ ಸರಿ ಇತ್ತು. ಉಣ್ಣೆ ಹುಳ ಕಚ್ಚಿ ಬರುವ ಜ್ವರ ಇದೆಯೋ ಅಂತ ರಕ್ತವನ್ನು ಗಾಜಿನ ಮೇಲೆ ಸವರಿ ನೋಡಿದರು, ಏನೂ ಇಲ್ಲ.

ನಾಯಿಗಳ ಮೂರ್ಛೆರೋಗದ ಬಗ್ಗೆ 2015ರಲ್ಲಿ ಅಂತರರಾಷ್ಟ್ರೀಯ ಪಶುವೈದ್ಯರ ತಂಡವೊಂದು ಒಮ್ಮತದ ಸೂಚನೆಗಳನ್ನು ಕೊಟ್ಟಿದೆ. ಮೊದಲ ಫಿಟ್ಸ್ ಆರು ತಿಂಗಳಿಂದ ಆರು ವರ್ಷದೊಳಗೆ ಬಂದಿದ್ದು, ನಡುವಿನ ದಿನಗಳಲ್ಲಿ ನಾಯಿ ಪೂರ್ತಿ ಸರಿ ಇದ್ದು, ರಕ್ತ ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, ಬೇರೆ ಕಾರಣ ಕಾಣದ ಮೂರ್ಛೆರೋಗ ಅಂತ ಮೊದಲ ಹಂತದಲ್ಲಿ ಹೇಳಬಹುದು. ಎಂಆರ್‌ಐ ಮಾಡಿಸಿದರೆ ಇನ್ನೂ ಖಚಿತ. ಅದಕ್ಕೆ ದೊಡ್ಡ ಊರಿಗೆ ಹೋಗಬೇಕು, ಅರಿವಳಿಕೆ ಕೊಡಬೇಕು, ಹಣವೂ ಬೇಕು. ರಿಪೋರ್ಟ್ ಏನೇ ಬಂದರೂ ಕೊಡುವ ಗುಳಿಗೆ ಬದಲಾಗುವ ಸಾಧ್ಯತೆ ಕಡಿಮೆ ಅಂತ ವೈದ್ಯರು ಹೇಳಿದರು. ಬಿಟ್ಟೆವು. ಸಾಲ ಮಾಡಿ ಮಾಡಿಸಬೇಕಿತ್ತು ಅನ್ನುವವರು ನಮ್ಮಲ್ಲೇ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಆ ದುಡ್ಡಲ್ಲಿ ವರ್ಷಗಟ್ಟಲೆ ಗುಳಿಗೆ ಬರುತ್ತದೆ.

ಗುಳಿಗೆ ಅಂದರೆ ಫಿನೋಬಾರ್ಬಿಟೋನ್. ಮನುಷ್ಯರಿಗೂ ಕೊಡುವ ಹಳೇ ಔಷಧ. ಬೆಲೆ ಕಡಿಮೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಎಲ್ಲ ಮೆಡಿಕಲ್ ಶಾಪಿನಲ್ಲೂ ಇಟ್ಟಿರುವುದಿಲ್ಲ. ಒಂದು ಕೆಜಿ ತೂಕಕ್ಕೆ ಸುಮಾರು 3 ಮಿಲಿಗ್ರಾಂ ಲೆಕ್ಕದಲ್ಲಿ, 30ರ ಗುಳಿಗೆ ಒಂದೂವರೆ, ಹನ್ನೆರಡು ಗಂಟೆಗೊಮ್ಮೆ. ಮೊದಲ ಒಂದೆರಡು ವಾರ ಬಂಗಡೆ ಕುಡಿದವರ ಹಾಗೆ ಹಿಂಗಾಲು ಎಳೆದುಕೊಂಡು ನಡೆಯಿತು. ಅದು ತಾನಾಗಿ ಕಡಿಮೆಯಾಯಿತು. ಕಡಿಮೆಯಾಗದೆ ಉಳಿದಿದ್ದು ಹಸಿವು, ಬಾಯಾರಿಕೆ. ಬಕೆಟ್ ನೀರು ಕುಡಿದು ಹೋದಲ್ಲೆಲ್ಲ ಉಚ್ಚೆ. ತಟ್ಟೆಯ ಮೇಲಿದ್ದದ್ದು ನೋಡನೋಡುತ್ತ ಮಾಯ.

ಈ ಔಷಧ ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಎರಡು ವಾರ ಬೇಕು. ಆಮೇಲೆ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸಬೇಕು. ಮಿಲಿಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೆಲಸ ಮಾಡುವುದಿಲ್ಲ. 35 ದಾಟಿದರೆ ಲಿವರ್ ಕಡೆ ಕಣ್ಣಿಡಬೇಕು. ಬಂಗಡೆಗೆ ಬಂದಿದ್ದು 19. ಸಾಕಷ್ಟೇ. ಬೇಸಿಗೆಯಲ್ಲಿ ಫಿಟ್ಸ್ ಐದಾರು ವಾರಕ್ಕೊಮ್ಮೆ ಅನ್ನುವಲ್ಲಿಗೆ ಇಳಿಯಿತು. ಪೊಟ್ಯಾಷಿಯಂ ಬ್ರೋಮೈಡ್ ಅಂತ ಇನ್ನೊಂದು ಔಷಧದ ಮಾತೂ ಬಂದಿತ್ತು. ಊಟದ ಉಪ್ಪು ಏರುಪೇರಾದರೆ ರಕ್ತದಲ್ಲಿ ಆ ಔಷಧದ ಮಟ್ಟವೂ ಏರುಪೇರಾಗುತ್ತದೆ. ಒಣಮೀನು ಕದಿಯುವ ನಾಯಿಗೆ ಅದು ಆಗದ ಮಾತು ಅಂತ ವೈದ್ಯರೇ ನಕ್ಕು ಬಿಟ್ಟರು.

ಪೇಟೆಗೇ ವಾಪಸ್ ಬಿಡಬಹುದಿತ್ತಲ್ವಾ?

ಇದನ್ನು ಕೇಳಿದ್ದು ಮೀನಿನ ಅಕ್ಕಂದಿರು. ಸರಿಯಾದ ಪ್ರಶ್ನೆ. ಬೀದಿ ನಾಯಿಯನ್ನು ಅದರ ಜಾಗಕ್ಕೇ ಬಿಡಬೇಕು ಅನ್ನುವುದೇ ರೂಢಿ, ನಿಯಮವೂ ಹೌದು. ಅವರಿಗೆ ನಾಯಿ ಬೇಕಿತ್ತು. ಕ್ರೇಟ್ ಅಡ್ಡ ಇಟ್ಟ ಅಕ್ಕನಂತೂ ದಾರಿ ಹುಡುಕಿಕೊಂಡೇ ಬಂದಿದ್ದರು. ‘ಬಂಗಡೆ ಮೀನಿನ ಹೊಟ್ಟೆ ಸೀಳಿ ಗುಳಿಗೆ ಇಟ್ಟು ಕೊಡ್ತೆ. ನುಂಗದೆ ಎಲ್ಲಿಗೆ ಹೋಗುತ್ತೆ?’

ಬೆಳಗಿನ ಡೋಸ್ ಹಾಗೆ ಆಗುತ್ತಿತ್ತು, ನನಗೆ ಅನುಮಾನ ಇಲ್ಲ. ಸಂಜೆಯದು? ರಾತ್ರಿ ಪೇಟೆಯಲ್ಲಿ ಯಾರೂ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಆ 61 ದಿನ ಪೇಟೆಗೆ ಬರುವ ಮೀನೂ ಕಡಿಮೆ, ಹೆಂಗಸರೂ ಕಡಿಮೆ. ಈ ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ, ಶುರು ಮಾಡುವ ಮೊದಲು ಇದ್ದದ್ದಕ್ಕಿಂತ ಜೋರಾಗಿ ಫಿಟ್ಸ್ ಬರಬಹುದು. ಹಾಗಾಗಿ ಶುರು ಮಾಡಿದ ದಿನವೇ ಬಂಗಡೆ ಬೀದಿಗೆ ವಾಪಸಾಗುವ ದಾರಿ ಮುಚ್ಚಿತ್ತು.

ವಿಡಿಯೋ ನೋಡಿ ಆಮೇಲೆ ಮಾತಾಡಿ

ಫೋಟೋ ಹಾಕಿದಾಗ ಫೋನ್ ಬಂದವು. ಬಂಗಡೆ ನೋಡಲು ಲಕ್ಷಣವಾಗಿದೆ, ಕಂದು ಬಣ್ಣ, ಒಂದು ಕಿವಿ ನಿಂತದ್ದು ಒಂದು ಮಡಚಿದ್ದು. ಕೇಳಿದ ಎಲ್ಲರಿಗೂ ಸದಾಶಿವಗಡದ ಅಕ್ಕ ಮೊದಲು ಕಳಿಸಿದ್ದು ಶೆಡ್ಡಿನ ವಿಡಿಯೋ. ಹೆಚ್ಚಿನವರು ಮತ್ತೆ ಫೋನ್ ಮಾಡಲಿಲ್ಲ. ಅಷ್ಟಾದರೆ ವಿಡಿಯೋ ತನ್ನ ಕೆಲಸ ಮಾಡಿತು ಅಂತಲೇ ಅರ್ಥ.

ಬೆಂಗಳೂರಿನವರೊಬ್ಬರು ವಿಡಿಯೋ ನೋಡಿಯೂ ಒಪ್ಪಿದ್ದರು. ನರರೋಗ ನೋಡುವ ಪಶುವೈದ್ಯರು ಅಲ್ಲಿ ಸಿಗುತ್ತಾರೆ, ಅದು ಸಣ್ಣ ಮಾತಲ್ಲ. ಆದರೆ ಕೆಲಸದ ಮೇಲೆ ತಿಂಗಳಲ್ಲಿ ಅರ್ಧ ಊರೂರು ತಿರುಗುವವರು. ಆಗ ಗುಳಿಗೆ ಯಾರು ಕೊಡುತ್ತಾರೆ ಅಂದರೆ ‘ಯಾರಾದರೂ ಇರ್ತಾರೆ’ ಅಂದರು. ಆ ‘ಯಾರಾದರೂ’ ಯಾರು ಅಂತ ಹೆಸರು ಹೇಳಲಾಗದ ಮನೆಗೆ ಫಿಟ್ಸ್ ನಾಯಿ ಕೊಡಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ. ಪ್ರೀತಿ ಎಷ್ಟಿದೆ ಅಂತ ಅಳೆಯುವುದಕ್ಕೆ ನಮಗೆ ಬರುವುದಿಲ್ಲ. ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಮನೆಯಲ್ಲಿ ಯಾರಿರುತ್ತಾರೆ ಅನ್ನುವುದನ್ನು ಕೇಳಿ ತಿಳಿದುಕೊಳ್ಳಬಹುದು.

ಕುಮಟಾದ ಪ್ರಯೋಗ, ಶಿರೂರಿನ ಗುಡ್ಡ

ಜುಲೈ ಮೊದಲ ವಾರ ಕುಮಟಾದ ಗಂಡ ಹೆಂಡತಿ ಬಂದರು. ಇಬ್ಬರೂ ಕೆಲಸಕ್ಕೆ ಹೋಗುವವರು, ಒಳ್ಳೆಯ ಜನ. ಗಂಡನಿಗೆ ಅಂಕೋಲಾದಲ್ಲಿ ಕೆಲಸ, ದಿನಾ ಸಂಜೆ ಆರೂವರೆಗೆ ಮನೆಯಲ್ಲಿ. ಗುಳಿಗೆ ಅವರದೇ ಹೊಣೆ. ಹೆಂಡತಿಗೆ ನಾಯಿ ಇಷ್ಟ, ಆದರೆ ಬಾಯಿಗೆ ಕೈ ಹಾಕಲು ಭಯ. ವಿಡಿಯೋವನ್ನು ಗಂಡ ನೋಡಿದರು, ಹೆಂಡತಿ ‘ನನ್ನ ಕೈಲಿ ನೋಡಕ್ಕಾಗಲ್ಲ’ ಅಂದರು. ಎರಡು ತಿಂಗಳು ಪ್ರಯೋಗಕ್ಕೆ, ಆಗದಿದ್ದರೆ ವಾಪಸ್ ಅಂತ ಮಾತಾಗಿ ನಾಯಿ ಹೋಯಿತು.

2024ರ ಜುಲೈ 16. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಜನ ಸತ್ತರು, ವಾಹನಗಳು ಗಂಗಾವಳಿ ನದಿಗೆ ಹೋದವು. ಅಂಥ ದುಃಖದ ಮಧ್ಯೆ ಒಂದು ನಾಯಿಯ ಗುಳಿಗೆ ಯಾವ ಲೆಕ್ಕ ಅಂತ ಯಾರಿಗಾದರೂ ಅನಿಸಬಹುದು. ಸರಿಯೇ. ಆದರೆ ಈ ಪ್ರಕರಣ ತಿರುಗಿದ್ದು ಅಲ್ಲಿ. ಶಿರೂರು ಇರುವುದು ಅಂಕೋಲಾ ಮತ್ತು ಕುಮಟಾ ನಡುವೆ. ರಸ್ತೆ ವಾರಗಟ್ಟಲೆ ಬಂದ್. ಗಂಡ ರೈಲು ಹಿಡಿದು ಓಡಾಡತೊಡಗಿದರು. ಆರೂವರೆಯ ಮನುಷ್ಯ ಒಮ್ಮೆ ಹತ್ತಕ್ಕೆ ಬಂದರು, ಒಮ್ಮೆ ಬರಲೇ ಇಲ್ಲ. ಹೆಂಡತಿ ಗುಳಿಗೆಯನ್ನು ಅನ್ನದಲ್ಲಿ ಕಲಸಿ ಇಟ್ಟರು. ಅನ್ನ ತಿಂದು ಗುಳಿಗೆಯನ್ನು ತಟ್ಟೆಯಲ್ಲೇ ಉಳಿಸುವ ಕಲೆ ನಾಯಿಗಳಿಗೆ ಚೆನ್ನಾಗಿ ಗೊತ್ತು.

ಒಂದು ರಾತ್ರಿ ಮೂರು ಸಲ ಫಿಟ್ಸ್ ಬಂತು. ಇಪ್ಪತ್ತನಾಲ್ಕು ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚಾದರೂ, ಒಂದೇ ಫಿಟ್ಸ್ ಐದು ನಿಮಿಷ ದಾಟಿದರೂ ತುರ್ತು ಪರಿಸ್ಥಿತಿ. ಅವರ ಹತ್ತಿರ ವೈದ್ಯರು ಬರೆದುಕೊಟ್ಟ ಮಿಡಾಜೊಲಾಮ್ ಮೂಗಿನ ಸ್ಪ್ರೇ ಇತ್ತು. ಸದಾಶಿವಗಡದ ಅಕ್ಕ ಫೋನಿನಲ್ಲೇ ಹೇಳುತ್ತ ಹೋದರು. ದೀಪ ಆರಿಸಿ. ಕುರ್ಚಿ ಸರಿಸಿ. ಬಾಯಿಗೆ ಕೈ ಹಾಕಬೇಡಿ, ಚಮಚ ಬೇಡ, ಕಬ್ಬಿಣದ ಕೀಲಿ ಕೊಡಬೇಡಿ, ನೀರು ಹೊಯ್ಯಬೇಡಿ. ಗಡಿಯಾರ ನೋಡಿ. ಈಗ ಮೂಗಿಗೆ ಸ್ಪ್ರೇ. ಸ್ಪ್ರೇ ಹಾಕಿದ್ದು ಹೆಂಡತಿ, ವಿಡಿಯೋ ನೋಡಲಾಗದು ಅಂದವರೇ. ಬೆಳಿಗ್ಗೆ ಅಲ್ಲಿಯ ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟರು.

ಅವರಿಗೆ ಇನ್ನು ಸಾಧ್ಯವಿರಲಿಲ್ಲ. ಹೇಳುವಾಗ ಅತ್ತರು. ನಾನು ಅವರನ್ನು ತಪ್ಪಿತಸ್ಥರು ಅನ್ನುವುದಿಲ್ಲ. ಮನೆಯಲ್ಲಿ ಗುಳಿಗೆ ಕೊಡುವ ಕೈ ಒಂದೇ ಇತ್ತು, ಆ ಕೈ ಗುಡ್ಡದ ಆಚೆ ಸಿಕ್ಕಿಬಿತ್ತು.

ಇದೇ ಹೊತ್ತಿಗೆ ‘ಎಷ್ಟು ದಿನ ಒದ್ದಾಡಿಸ್ತೀರಿ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ’ ಅನ್ನುವ ಮಾತೂ ಬಂತು. ಹೇಳಿದವರು ಕಟುಕರಲ್ಲ, ವರ್ಷಗಳಿಂದ ನಾಯಿಗಳ ಆರೈಕೆ ಮಾಡಿದವರು. ವೈದ್ಯರ ಉತ್ತರ ನೇರವಾಗಿತ್ತು. ಎರಡು ಔಷಧ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಕೊಟ್ಟೂ ಹತೋಟಿಗೆ ಬರದಿದ್ದರೆ ಆಗ ಆ ಮಾತು. ಇಲ್ಲಿ ಕೊಟ್ಟಿದ್ದು ಒಂದು, ಅದೂ ಹೊತ್ತು ತಪ್ಪಿ. ಸೋತಿದ್ದು ಗಡಿಯಾರ, ಔಷಧವಲ್ಲ.

ಶಿರಸಿಯ ದೊಡ್ಡಮ್ಮ

ಹೆದ್ದಾರಿ ಇಲ್ಲದೆ ಕುಮಟಾದಿಂದ ಕಾರವಾರಕ್ಕೆ ನಾಯಿ ತರುವುದು ಹೇಗೆ? ಘಟ್ಟದ ರಸ್ತೆ ತೆರೆದಿದ್ದ ದಿನ ನೋಡಿ, ದೇವಿಮನೆ ಹತ್ತಿ ಶಿರಸಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಇಳಿದು ಅಂಕೋಲಾ. ಗಂಡ ಹೆಂಡತಿ ಕಾರಿನಲ್ಲಿ ಹೊರಟರು. ಹೆಂಡತಿಯ ದೊಡ್ಡಮ್ಮನ ಮನೆ ಶಿರಸಿ ಹತ್ತಿರ. ಊಟಕ್ಕೆ ನಿಂತರು. ನಾಯಿ ಅಂಗಳದಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟು ಬಿತ್ತು.

ಆ ದೊಡ್ಡಮ್ಮನ ಯಜಮಾನರಿಗೆ ಹಿಂದೆ ಪಾರ್ಶ್ವವಾಯು ಬಡಿದಿತ್ತು. ಮೈ ಸೆಟೆಯುವುದು, ಬಾಯಿ ಸೊಟ್ಟಗಾಗುವುದು ದೊಡ್ಡಮ್ಮನಿಗೆ ಹೊಸದಲ್ಲ. ಒಂದು ಗೋಣಿ ಮಡಚಿ ನಾಯಿಯ ತಲೆ ಕೆಳಗೆ ತಳ್ಳಿದರು. ನಿಂತಿತು ಅಂದ ಮೇಲೆ ಬಂದವರಿಗೆ ಎಲೆ ಹಾಕಲು ಒಳಗೆ ಹೋದರು. ಅಷ್ಟೇ. ಒಂದು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. ‘ಆ ಬೀಳುವ ನಾಯಿಗೆ ಮನೆ ಸಿಕ್ತಾ? ಇಲ್ದಿದ್ರೆ ಹೇಳಿ.’

ನಾನು ನೋಡಲು ಹೋದಾಗ ಮೊದಲು ಕೇಳಿದ್ದು ಗುಳಿಗೆ ಬಗ್ಗೆ. ‘ಅಮ್ಮಾ, ದಿನಾ ಎರಡು ಹೊತ್ತು, ಒಂದು ಹೊತ್ತೂ ತಪ್ಪುವ ಹಾಗಿಲ್ಲ.’

‘ತಮ್ಮಾ, ಇವರ ಗುಳಿಗೆ ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ. ನನ್ನ ಬಿಪಿದೂ ಆಗಲೇ. ಆರು ವರ್ಷ ಆಯ್ತು, ಒಂದು ದಿನ ತಪ್ಪಲಿಲ್ಲ. ಇದಕ್ಕೊಂದು ಜಾಸ್ತಿ, ಅದಕ್ಕೇನು?’

ನಾವು ತಿಂಗಳುಗಟ್ಟಲೆ ಹುಡುಕಿದ್ದು ಇದನ್ನೇ. ಈ ಮನೆಯಲ್ಲಿ ಗಡಿಯಾರ ಮೊದಲೇ ನಡೆಯುತ್ತಿತ್ತು. ಆದರೆ ಹೊಸ ಅಪಾಯವೂ ಇಲ್ಲೇ ಇತ್ತು. ಮೂರೂ ಗುಳಿಗೆ ಬಿಳಿ, ಮೂರೂ ಸಣ್ಣವು. ನಾಯಿಯ ಗುಳಿಗೆ ಮನುಷ್ಯರ ಬಾಯಿಗೆ ಹೋಗಬಾರದು, ಮನುಷ್ಯರದ್ದು ನಾಯಿಗೆ ಹೋಗಬಾರದು. ಆದ್ದರಿಂದ ನಾಯಿಯದ್ದು ಅಡುಗೆಮನೆಯಲ್ಲೇ ಇಡುವಂತಿಲ್ಲ ಅಂತ ಮಾತಾಯಿತು. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಜಗಲಿಯ ಮೊಳೆಗೆ ಚೀಲದಲ್ಲಿ ನೇತುಹಾಕಿದರು. ಅಷ್ಟರಲ್ಲಿ ವೈದ್ಯರು ಡೋಸ್ ಏರಿಸಿ 60ರ ಒಂದೇ ಗುಳಿಗೆ ಮಾಡಿದ್ದರು, ರಕ್ತದ ಮಟ್ಟ 26ಕ್ಕೆ ಬಂದಿತ್ತು. ಅರ್ಧ ಮುರಿಯುವ ರಗಳೆ ಹೋಯಿತು. ಬೆಲ್ಲದ ಚೂರಿನಲ್ಲಿ ಒತ್ತಿ ಕೊಟ್ಟು, ಗಂಟಲು ಸವರಿ, ನುಂಗಿತು ಅಂತ ಕಂಡ ಮೇಲೆಯೇ ಅನ್ನ.

ನವೆಂಬರಿನಲ್ಲಿ ನಾಯಿ ಕೊಡುವ ಮೊದಲು ಮರಿಯಾಗದಂತೆ ಆಪರೇಷನ್ ಮಾಡಿಸಿದೆವು. ಬೆದೆಗೆ ಬಂದಾಗ ಹಾರ್ಮೋನಿನ ಏರಿಳಿತಕ್ಕೆ ಫಿಟ್ಸ್ ಹೆಚ್ಚಾಗಬಹುದು. ಆಪರೇಷನ್ ದಿನ ಊಟ ಬಂದ್, ಆದರೆ ಬೆಳಗಿನ ಗುಳಿಗೆ ಬಂದ್ ಇಲ್ಲ. ಖಾಲಿ ಹೊಟ್ಟೆ ಅಂದರೆ ಗುಳಿಗೆಯೂ ಬೇಡ ಅಂತ ತಿಳಿಯುವವರು ಇದ್ದಾರೆ, ಅದಕ್ಕೆ ಹೇಳಿದೆ.

ತೋಟದ ಮನೆ ನಾಯಿಗೆ ಸ್ವರ್ಗ ಅಂತ ಪೇಟೆಯವರು ತಿಳಿಯುತ್ತಾರೆ. ಫಿಟ್ಸ್ ನಾಯಿಗೆ ಹಾಗಿಲ್ಲ. ನೋಡುತ್ತ ಹೋದರೆ ಒಂದೊಂದೇ ಸಿಕ್ಕವು. ಹಿತ್ತಿಲ ಬಾವಿಗೆ ಕಟ್ಟೆ ಅರ್ಧ ಅಡಿ ಮಾತ್ರ. ಫಿಟ್ಸ್ ಮುಗಿದ ಮೇಲೆ ಕಣ್ಣು ಕಾಣದವರ ಹಾಗೆ ನಡೆಯುವ ಹತ್ತು ಹದಿನೈದು ನಿಮಿಷದಲ್ಲಿ ನಾಯಿ ನೇರ ಅಲ್ಲಿಗೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದರು. ಬಸವನಹುಳು ಕಾಟಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ತಾನೇ ಫಿಟ್ಸ್ ತರಿಸುವ ವಿಷ, ಒಳ್ಳೆಯ ನಾಯಿಗೂ. ಅದು ಈ ತೋಟಕ್ಕೆ ಬರುವುದಿಲ್ಲ ಅಂತ ಮಾತು ತೆಗೆದುಕೊಂಡೆವು. ಇನ್ನೊಂದು, ನಾವ್ಯಾರೂ ಯೋಚಿಸದ್ದು, ವೈದ್ಯರು ಹೇಳಿದ್ದು: ಅಡಿಕೆ. ಅದರಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಔಷಧವಾಗಿ ಕೊಡುತ್ತಿದ್ದರು. ಪ್ರಮಾಣ ಮೀರಿದರೆ ವಾಂತಿ, ಜೊಲ್ಲು, ನಡುಕ. ನಾಯಿ ಹೋಗಿದ್ದು ಸರಿಯಾಗಿ ಕೊಯ್ಲಿನ ಕಾಲಕ್ಕೆ, ಅಂಗಳ ತುಂಬ ಅಡಿಕೆ. ಸಾಮಾನ್ಯ ನಾಯಿ ಮೂಸಿ ಬಿಡುತ್ತದೆ. ಗುಳಿಗೆಯ ಹಸಿವಿನ ನಾಯಿ ಮೂಸಿ ಬಿಡುತ್ತದೆ ಅಂತ ನಂಬುವ ಹಾಗಿಲ್ಲ. ಸುಲಿಯುವ ದಿನ ಅದು ಜಗಲಿಯಲ್ಲಿ.

ಉಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಮಂಗನ ಕಾಯಿಲೆಯ ಹೆದರಿಕೆ ಎಲ್ಲರಿಗೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಅದೂ ಚಳಿಗಾಲ ಬೇಸಿಗೆಯಲ್ಲಿ. ನಾಯಿಗೆ ಉಣ್ಣೆ ಹತ್ತದಂತೆ ಈಗ ಬಾಯಿಗೆ ಕೊಡುವ ಮಾತ್ರೆಗಳು ಬಂದಿವೆ, ಒಂದು ಕೊಟ್ಟರೆ ತಿಂಗಳೋ ಮೂರು ತಿಂಗಳೋ ನಿಶ್ಚಿಂತೆ. ಆದರೆ ಐಸೊಕ್ಸಜೊಲಿನ್ ಗುಂಪಿನ ಆ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಬಂಗಡೆಗೆ ಅವು ಬೇಡ ಅಂತ ಚೀಟಿಯ ಮೇಲೆ ಕೆಂಪು ಪೆನ್ನಲ್ಲಿ ಬರೆಸಿಕೊಂಡೆವು. ಬದಲಿಗೆ ಫಿಪ್ರೊನಿಲ್ ಸ್ಪ್ರೇ, ಕಾಡಿಗೆ ಬಿಡದಿರುವುದು, ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುವುದು. ಕಷ್ಟದ ದಾರಿ. ಬೇರೆ ದಾರಿ ಇಲ್ಲ.

ಚಿರತೆ ಅಂತೂ ಹೇಳಬೇಕಾಗಿಯೇ ಇರಲಿಲ್ಲ. ಹಿಂದಿನ ನಾಯಿಯನ್ನು ಅದು ಅಂಗಳದಿಂದಲೇ ಒಯ್ದಿತ್ತು. ಮಡಿ ಮೈಲಿಗೆಯ ಮನೆ, ನಾಯಿ ಒಳಗೆ ಬರುವುದಿಲ್ಲ. ಹೊರಗೆ ಬಿಡಲು ನಾವು ಒಪ್ಪುವುದಿಲ್ಲ. ಕೊನೆಗೆ ಜಗಲಿಯ ಕಟಾಂಜನಕ್ಕೆ, ಅಂದರೆ ಮರದ ಸರಳಿನ ತಡೆಗೆ, ಬಾಗಿಲು, ಚಿಲಕ. ರಾತ್ರಿ ನಾಯಿ ಅದರೊಳಗೆ. ಹೆಸರಿನ ಮಾತೂ ಅಲ್ಲೇ ತೀರ್ಮಾನವಾಯಿತು. ಮೀನು ಕಾಣದ ಮನೆಯಲ್ಲಿ ‘ಬಂಗಡೆ, ಬಾ’ ಅಂತ ಹೇಗೆ ಕೂಗುವುದು? ಬಂಗಾರಿ ಆಯಿತು. ನಾಯಿ ಎರಡಕ್ಕೂ ಓಗೊಡುತ್ತದೆ, ಅನ್ನದ ತಟ್ಟೆ ಕೈಯಲ್ಲಿದ್ದರೆ ಯಾವ ಹೆಸರಿಗೂ.

ಪಕ್ಕದ ಮನೆಯವರು ಬರೆ ಹಾಕಿಸಿ ಅಂದರಂತೆ. ‘ಇವರಿಗೆ ಕಾಯಿಲೆ ಬಂದಾಗಲೂ ಹೇಳಿದ್ರಿ, ಆಗಲೂ ಹಾಕಿಸಲಿಲ್ಲ’ ಅಂದರಂತೆ ದೊಡ್ಡಮ್ಮ.

ಈಗ

ಫಿಟ್ಸ್ ನಿಂತಿಲ್ಲ. ನಿಲ್ಲುತ್ತದೆ ಅಂತ ಯಾರೂ ಹೇಳಿರಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ, ಒಂದೇ ಸಲ ಬರುತ್ತದೆ, ಎರಡು ನಿಮಿಷ ದಾಟುವುದಿಲ್ಲ. ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಒಂದು ಇಂಟು ಗುರುತು. ಪಕ್ಕದಲ್ಲಿ ಹೊತ್ತು, ಎಷ್ಟು ನಿಮಿಷ. ವೈದ್ಯರಿಗೆ ಆ ಪುಟದ ಫೋಟೋ ಸಾಕು. ಲಿವರ್ ಪರೀಕ್ಷೆ ಆರು ತಿಂಗಳಿಗೊಮ್ಮೆ, ಒಂದು ಮಳೆಗಾಲಕ್ಕೆ ಮೊದಲು, ಒಂದು ದೀಪಾವಳಿ ಆದ ಮೇಲೆ. ಖರ್ಚಿನಲ್ಲಿ ಗುಳಿಗೆಯದ್ದು ಅವರದು, ರಕ್ತ ಪರೀಕ್ಷೆಯದ್ದು ನಮ್ಮದು. ಮೇ ಕೊನೆಗೆ ಎರಡು ತಿಂಗಳ ಗುಳಿಗೆ ಮನೆಯಲ್ಲಿ ಇರಲೇಬೇಕು. ಘಟ್ಟ ಯಾವಾಗ ಬಂದ್ ಆಗುತ್ತೆ ಅಂತ ಯಾರಿಗೆ ಗೊತ್ತು?

ಬಾಕಿ ಉಳಿದ ಪ್ರಶ್ನೆ ಒಂದೇ. ದೊಡ್ಡಮ್ಮನಿಗೆ ಅರವತ್ತಾರು ದಾಟಿದೆ, ನಾಯಿಗೆ ಮೂರು. ಮಗಳ ಮನೆಗೆ ಹುಬ್ಬಳ್ಳಿಗೆ ಹೋದರೆ ಗುಳಿಗೆ ಯಾರು ಕೊಡುತ್ತಾರೆ? ಎರಡನೇ ಕೈಯ ಹೆಸರನ್ನು ಕಾಗದದ ಮೇಲೆ ಬರೆಸಿಕೊಂಡೇ ನಾಯಿ ಕೊಟ್ಟಿದ್ದು. ಅಡಿಕೆ ಕೊನೆ ಕೊಯ್ಯಲು ಬರುವ ಹುಡುಗ ಅದನ್ನು ಒಪ್ಪಿದ್ದಾನೆ, ಒಂದು ಫಿಟ್ಸ್ ಕಣ್ಣಾರೆ ನೋಡಿದ್ದಾನೆ, ಬೆಲ್ಲದಲ್ಲಿ ಒತ್ತಿ ಕೊಡಲು ಕಲಿತಿದ್ದಾನೆ. ಮೂರನೇ ಹೆಸರು ನಮ್ಮದು. ಕುಮಟಾದ ಹೆಂಡತಿ ತನ್ನ ಹೆಸರನ್ನೂ ಸೇರಿಸಿ ಅಂತ ಕೇಳಿದ್ದಾಳೆ, ಸೇರಿಸಿದ್ದೇವೆ.